ಪೊರ್ಬುಗಳು ಕೊಟ್ಟ ಮೌತ್‌ಪೀಸ್

ನನ್ನ ಕೆಳತುಟಿಯ ಹುಣ್ಣನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ. ಮಧ್ಯಾಹ್ನ ಗಂಜಿಗೆ ಕುಳಿತಿದ್ದೆ. ಮಿಡಿ ಉಪ್ಪಿನಕಾಯಿ ತುಟಿಗೆ ತಾಗಿದ್ದೇ ತಡ, ಕಣ್ಣಲ್ಲಿ ನೀರು ತುಂಬಿತು. ಅವಳು ನನ್ನ ಗಲ್ಲ ಹಿಡಿದು ಬಾಗಿಲಿನ ಬೆಳಕಿಗೆ ತಿರುಗಿಸಿದಳು.

"ಎಂತ ಇದು? ಎಷ್ಟು ದಿನ ಆಯ್ತು?"

"ಎಂತದೂ ಇಲ್ಲ. ಉಷ್ಣ ಆಗಿರ್ಬೇಕು."

ಅವಳು ಕೈ ತೆಗೆದಳು. "ಪೊರ್ಬುಗಳಿಗೂ ಹೀಗೇ ಅಲ್ವಾ ಶುರುವಾದದ್ದು?" ಎಂದಳು.

ನನ್ನ ಕೈಯಲ್ಲಿದ್ದ ತುತ್ತು ಬಟ್ಟಲಿಗೆ ಮರಳಿತು. ಆ ಮಾತು ಮೂರು ವಾರಗಳಿಂದ ನನ್ನೊಳಗೇ ಇತ್ತು. ಇನ್ನೊಬ್ಬರ ಬಾಯಿಂದ ಬಂದದ್ದು ಅದೇ ಮೊದಲು.

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಾರ್ಕಳದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಟೈಲರ್ ಅಂಗಡಿ. ಮದುವೆಗಳಿಗೂ ಚರ್ಚಿನ ಹಬ್ಬಗಳಿಗೂ ಮರಣದ ಮೆರವಣಿಗೆಗಳಿಗೂ ಹೋಗುತ್ತಿದ್ದ ಒಂದು ಬ್ಯಾಂಡ್ ಸೆಟ್‌ನವರು ಕೆಲವು ವರ್ಷಗಳ ಹಿಂದೆ ಹದಿನೆಂಟು ಕೆಂಪು ಕೋಟು ಹೊಲಿಸಲು ನನ್ನ ಬಳಿ ಬಂದಿದ್ದರು. ಕೋಟು ಹಾಕಿಸಿ ನೋಡಲು ಅವರ ಅಭ್ಯಾಸದ ಜಾಗಕ್ಕೆ ಹೋದೆ. ಅಲ್ಲಿ ಒಬ್ಬ ಮುದುಕರು ತೊಡೆಯ ಮೇಲೆ ಮಗುವಿನಷ್ಟು ದೊಡ್ಡ ಹಿತ್ತಾಳೆಯ ವಾದ್ಯ ಇಟ್ಟುಕೊಂಡು ಊದುತ್ತಿದ್ದರು. ಬ್ಯಾಂಡಿನವರು ಅದನ್ನು ಬೇಸ್ ಎನ್ನುತ್ತಿದ್ದರು. ಟ್ರಂಪೆಟ್ಟಿನ ಸ್ವರ ಕಿವಿಗೆ ಕೇಳಿಸಿದರೆ ಅದರ ಸ್ವರ ಎದೆಗೂಡಿಗೆ ಬಂದು ತಾಗುತ್ತಿತ್ತು. ನಾನು ಟೇಪು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

"ಎಂತ ಟೈಲರೇ, ಊದ್ತೀರಾ?" ಎಂದರು ಅವರು.

ನನಗಾಗ ಮೂವತ್ತೆರಡು. ಸಂಗೀತ ಗೊತ್ತಿಲ್ಲ, ಸ್ವರಗಳ ಬರಹ ಗೊತ್ತಿಲ್ಲ. ಆದರೂ ಹೂಂ ಎಂದೆ. ಕ್ರೈಸ್ತ ಹಿರಿಯರನ್ನು ತುಳುವರಾದ ನಾವು ಪೊರ್ಬುಗಳೇ ಎಂದು ಕರೆಯುವುದು. ಅವರು ನನಗೆ ಕೊನೆಯವರೆಗೂ ಪೊರ್ಬುಗಳೇ, ನಾನು ಅವರಿಗೆ ಟೈಲರನೇ. ನಾಲ್ಕು ವರ್ಷ ಕಲಿಸಿದರು.

ಆ ಬೇಸ್ ಬಹಳ ಹಳೆಯದು. ಯಾವುದೋ ಮಿಲಿಟರಿ ಬ್ಯಾಂಡಿನಿಂದ ಕೈ ಬದಲಾಗುತ್ತಾ ನಮ್ಮ ಕಡೆ ಬಂದಿದ್ದು, ಮೈಮೇಲೆಲ್ಲ ಬೆಸುಗೆಯ ತೇಪೆ. ಅದಕ್ಕಿಂತ ಮುಖ್ಯವಾದದ್ದು ಅದರ ಮೌತ್‌ಪೀಸ್, ತುಟಿ ಇಡುವ ಬಟ್ಟಲು. ಪೊರ್ಬುಗಳ ಬಳಿ ಅಂಥವು ಮೂರಿದ್ದವು. ಪೌಡರ್ ಡಬ್ಬಿಯಲ್ಲಿ ಹಳೆಯ ಬನಿಯನ್ ಚೂರು ಸುತ್ತಿ ಇಟ್ಟಿರುತ್ತಿದ್ದರು. ಒಂದು ಟ್ರಂಬೋನಿನದು, ಒಂದು ಯೂಫೋನಿಯಮ್ಮಿನದು, ದೊಡ್ಡದು ಬೇಸಿನದು. ಈಗಿನವು ಬಟ್ಟಲಿನ ಹಾಗೆ ದುಂಡಗೆ ಇರುತ್ತವೆ. ಅವರದ್ದು ಆಲಿಕೆಯ ಹಾಗೆ ಆಳಕ್ಕೆ ಇಳಿಯುತ್ತಿತ್ತು. ಅಂಚು ಸಪೂರ. ಕೆಳಗಿನ ಕೊಳವೆಯೂ ಸಪೂರ. ಉತ್ತರ ಭಾರತದಿಂದ ತರಿಸಿದ ಹೊಸ ಮೌತ್‌ಪೀಸನ್ನು ಬ್ಯಾಂಡ್ ನಡೆಸುವ ಮಾಸ್ಟ್ರು ಒಮ್ಮೆ ಹಾಕಿ ನೋಡಿದ್ದರು. ಅದರ ಕೊಳವೆ ದಪ್ಪ, ವಾದ್ಯದ ಬಾಯಿಗೆ ಹೋಗಲೇ ಇಲ್ಲ.

"ಸಪೂರ ಆದ್ರೆ ಕಾಗದ ಸುತ್ತಿ ಕೂರಿಸ್ಬಹುದು. ದಪ್ಪ ಆದ್ರೆ ಎಂತ ಮಾಡುವುದು? ಇದು ಹೋದ್ರೆ ಬೇಸ್ ಮೂಗಿ ಆದ ಹಾಗೆ" ಎನ್ನುತ್ತಿದ್ದರು ಪೊರ್ಬುಗಳು. ಊದುವ ಮೊದಲು ಅದನ್ನು ಅಂಗೈಯಲ್ಲಿ ಮುಚ್ಚಿ ಬಿಸಿ ಮಾಡಬೇಕು, ಕೊಳವೆಯನ್ನು ಕೋಳಿಯ ಪುಕ್ಕದಿಂದ ತೊಳೆಯಬೇಕು, ಸಿಕ್ಕಿಬಿದ್ದರೆ ಬಡಿಯಬಾರದು, ತಿರುಗಿಸಿಯೇ ತೆಗೆಯಬೇಕು. ಇವೆಲ್ಲ ಅವರ ಪಾಠಗಳು. ಕೆಳತುಟಿ ಕೂರುವ ಜಾಗದಲ್ಲಿ ಬೆಳ್ಳಿಯ ಲೇಪ ಸವೆದು ತೆಳ್ಳಗಾಗಿತ್ತು. ನಾನು ಅದನ್ನು ಅವರ ವರ್ಷಗಳ ಗುರುತು ಎಂದುಕೊಂಡಿದ್ದೆ.

ಆಮೇಲೆ ಅವರು ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದರು. ಬಾಯಿಯ ಕ್ಯಾನ್ಸರ್ ಎಂದು ಮಾಸ್ಟ್ರು ಹೇಳಿದರು. ಕಾಪುವಿನಿಂದ ಶಂಕರಪುರಕ್ಕೆ ಹೋಗುವ ದಾರಿಯಲ್ಲಿದ್ದ ಅವರ ಮನೆಗೆ ನಾನು ಹೋದಾಗ ಅವರ ದವಡೆಯ ಒಂದು ಬದಿ ಇರಲಿಲ್ಲ. ಮಾತು ಬರುತ್ತಿರಲಿಲ್ಲ. ಕೈಸನ್ನೆಯಿಂದ ಹೆಂಡತಿಯನ್ನು ಕರೆದು ಪೌಡರ್ ಡಬ್ಬಿ ತರಿಸಿದರು, ದೊಡ್ಡ ಮೌತ್‌ಪೀಸ್ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ನಾನು ತಲೆ ಬಗ್ಗಿಸಿದೆ. ನಿಜ ಹೇಳಬೇಕೆಂದರೆ, ಅವರ ಮುಖ ನೋಡಲಾಗದೆ ಬಗ್ಗಿಸಿದೆ. ಹದಿನೈದು ದಿನಗಳಲ್ಲಿ ತೀರಿಕೊಂಡರು. ಅವರ ಮರಣದ ಮೆರವಣಿಗೆಯಲ್ಲಿ ಅದೇ ಮೌತ್‌ಪೀಸಿನಲ್ಲಿ ನಾನೇ ಬೇಸ್ ಊದಿದೆ.

ಅಂದು ಮನೆಗೆ ಬಂದವನು ಅದನ್ನು ಕುದಿಯುವ ನೀರಿಗೆ ಹಾಕಿದೆ. ಹೆಂಡತಿ ನೋಡುತ್ತಿದ್ದಳು. ಮರುದಿನವೂ ಕುದಿಸಿದೆ. ಹುಣಸೆಹುಳಿ ಹಾಕಿ ತಿಕ್ಕಿದೆ. ಎಷ್ಟು ತಿಕ್ಕಿದೆನೆಂದರೆ, ಉಳಿದಿದ್ದ ಬೆಳ್ಳಿಯೂ ಹೋಯಿತು.

ಏಳೆಂಟು ತಿಂಗಳಾದ ಮೇಲೆ ಈ ಹುಣ್ಣು. ಮೊದಲು ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು. ಆಮೇಲೆ ಸಣ್ಣದೊಂದು ಬಿರುಕು. ಬಿರುಕು ಮುಚ್ಚಿದ ಹಾಗೆ ಆಗುವುದು, ಆದಿತ್ಯವಾರದ ಕಾರ್ಯಕ್ರಮ ಮುಗಿಯುವಾಗ ಮತ್ತೆ ತೆರೆಯುವುದು. ತುಪ್ಪ ಹಚ್ಚಿದೆ, ಬೆಣ್ಣೆ ಹಚ್ಚಿದೆ. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿದೆ, ಯಾರಿಗೂ ಕಾಣದಿರಲಿ ಎಂದು. ಅಂಗಡಿಯ ಕನ್ನಡಿ ಗಿರಾಕಿಗಳಿಗೆಂದು ಇಟ್ಟದ್ದು. ದಿನಕ್ಕೆ ಇಪ್ಪತ್ತು ಸಲ ನಾನೇ ಅದರ ಮುಂದೆ ನಿಂತು ತುಟಿ ಮಗುಚಿ ನೋಡುತ್ತಿದ್ದೆ. ಒಂದು ಸಲ ದೊಡ್ಡದಾದ ಹಾಗೆ ಕಾಣುವುದು, ಇನ್ನೊಂದು ಸಲ ಸಣ್ಣದಾದ ಹಾಗೆ. ನಾಲಿಗೆ ಬೇಡವೆಂದರೂ ಅಲ್ಲಿಗೇ ಹೋಗುತ್ತಿತ್ತು.

"ಅದನ್ನು ಬಾವಿಗೆ ಹಾಕಿ" ಎಂದಳು ಹೆಂಡತಿ, ಗಂಜಿಯ ಆ ಮಧ್ಯಾಹ್ನ. "ಇಲ್ಲ, ಬಾವಿಗೆ ಬೇಡ, ನಾವು ಕುಡಿಯುವ ನೀರು. ಹೊಳೆಗೆ ಹಾಕಿ."

"ಅದು ಅಂಟುವ ಕಾಯಿಲೆ ಅಲ್ಲ ಮಾರಾಯ್ತಿ."

"ನಿಮಗೆ ಗೊತ್ತುಂಟಾ? ಡಾಕ್ಟರು ಹೇಳಿದ್ದಾ?"

ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಅಷ್ಟು ಸಲ ಕುದಿಸಿದ್ದು.

ಅದೇ ವಾರ ಹಿರಿಯಡ್ಕದಲ್ಲಿ ಒಂದು ಮದುವೆ. ದಿಬ್ಬಣವನ್ನು ಹಾಲ್‌ವರೆಗೆ ಕರೆದೊಯ್ಯಬೇಕು. ಮೂರನೆಯ ಪದ್ಯಕ್ಕೆ ಬರುವಾಗ ಬಾಯಿಯಲ್ಲಿ ಉಪ್ಪಿನ ರುಚಿ. ಬೆವರು ಎಂದುಕೊಂಡೆ. ವಾದ್ಯ ಕೆಳಗಿಳಿಸಿದಾಗ ಅಂಚಿನ ಮೇಲೆ ರಕ್ತ, ಕೋಟಿನ ಬಂಗಾರದ ಪಟ್ಟಿಯ ಮೇಲೂ ಎರಡು ಹನಿ. ಎದುರಿದ್ದ ಮದುಮಗಳ ಕಡೆಯ ಹೆಂಗಸೊಬ್ಬರು ಮುಖ ಅತ್ತ ತಿರುಗಿಸಿದರು. ಮಾಸ್ಟ್ರು ಬಂದು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಕರೆದರು.

"ಎಷ್ಟು ದಿನದಿಂದ?"

"ಒಂದು ತಿಂಗಳು ಆಗಿರ್ಬಹುದು."

"ಮತ್ತೆ ಇಲ್ಲಿ ಎಂತ ಮಾಡ್ತಿದ್ದೀರಿ? ನಾಳೆಯೇ ಮಣಿಪಾಲಕ್ಕೆ ಹೋಗಿ. ನಾನು ಬರ್ತೇನೆ ಬೇಕಾದ್ರೆ."

"ನಾನೇ ಹೋಗ್ತೇನೆ" ಎಂದೆ. ಹೋಗಲಿಲ್ಲ. ಮರುದಿನ ಅಂಗಡಿ ತೆರೆಯದೆ ಬೆಳಗಿನ ಮೊದಲ ಉಡುಪಿ ಬಸ್ಸು ಹತ್ತಿದವನು ಮಣಿಪಾಲದಲ್ಲಿ ಇಳಿಯಲೇ ಇಲ್ಲ. ಕಂಡಕ್ಟರ್ ಎರಡು ಸಲ ಕೂಗಿದರು. ಆಸ್ಪತ್ರೆಯ ಎದುರು ತಲೆಗೆ ಬಟ್ಟೆ ಸುತ್ತಿದ ಒಬ್ಬರನ್ನು ಇಬ್ಬರು ಹಿಡಿದು ನಡೆಸುತ್ತಿದ್ದರು. ನಾನು ಸೀಟಿಗೆ ಅಂಟಿಕೊಂಡು ಕುಳಿತೆ. ಉಡುಪಿಯಲ್ಲಿ ಇಳಿದು ಅರ್ಧ ಗಂಟೆ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿದ್ದು, ಕಾಪುವಿನ ಬಸ್ಸು ಹತ್ತಿದೆ. ಮೌತ್‌ಪೀಸ್ ಚೀಲದಲ್ಲಿತ್ತು. ಅದನ್ನು ಪೊರ್ಬುಗಳ ಮನೆಗೇ ಹಿಂತಿರುಗಿಸಿದರೆ ನನ್ನ ಕಾಯಿಲೆಯೂ ಅಲ್ಲೇ ಉಳಿಯುತ್ತದೆ ಎಂಬ ಒಂದು ಹುಚ್ಚು ಲೆಕ್ಕ ತಲೆಯಲ್ಲಿತ್ತು.

ಪೊರ್ಬುಗಳ ಹೆಂಡತಿ, ನಾವು ಬಾಯಮ್ಮ ಎನ್ನುವವರು, ಜಗಲಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಹತ್ತು ಗಂಟೆಯೊಳಗೆ ಹೂವು ಮಾರಾಟದ ಕಟ್ಟೆಗೆ ಹೋಗಬೇಕು, ಆದ್ದರಿಂದ ನನ್ನನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ಬಾಳೆನಾರಿಗೆ ಮೊಗ್ಗು ಜೋಡಿಸುತ್ತಲೇ, "ಬನ್ನಿ ಟೈಲರೇ, ಕೂತ್ಕೊಳ್ಳಿ. ಮನೆಯಲ್ಲಿ ಸೌಖ್ಯವಾ?" ಎಂದರು.

ನಾನು ಮೌತ್‌ಪೀಸ್ ತೆಗೆದು ಅವರ ಮುಂದಿನ ಹೂವಿನ ಬುಟ್ಟಿಯ ಪಕ್ಕ ಇಟ್ಟೆ.

"ಇದು ಇಲ್ಲೇ ಇರಲಿ ಬಾಯಮ್ಮ. ನೆನಪಿಗೆ."

"ನೆನಪಿಗೆ ನನಗೆ ಬೇರೆ ಉಂಟು. ಅವರು ನಿಮಗೆ ಅಂತ ಕೊಟ್ಟದ್ದು." ಆಗ ಅವರು ತಲೆ ಎತ್ತಿದರು. ಕಣ್ಣು ನನ್ನ ತುಟಿಯ ಮೇಲೆ ನಿಂತಿತು. ಕೈಯೂ ನಿಂತಿತು.

ನಾನು ಕೇಳಬಾರದೆಂದುಕೊಂಡದ್ದನ್ನು ಕೇಳಿದೆ. "ಪೊರ್ಬುಗಳಿಗೆ ಮೊದಲು ಎಲ್ಲಿ ಆದದ್ದು? ತುಟಿಯಲ್ಲಾ?"

ಅವರಿಗೆ ಅರ್ಥವಾಯಿತು. ನಾನು ಏಕೆ ಬಂದೆ, ಆ ಲೋಹದ ಚೂರನ್ನು ಏಕೆ ಅಷ್ಟು ದೂರದಲ್ಲಿಟ್ಟೆ, ಎಲ್ಲವೂ. ಅವರ ಮುಖ ಬಿಗಿಯಿತು.

"ಅವರಿಂದ ಬಂತು ಅಂತ ಹೇಳ್ಲಿಕ್ಕೆ ಬಂದದ್ದಾ ನೀವು?"

"ಹಾಗಲ್ಲ ಬಾಯಮ್ಮ..."

ಅವರು ಮೌತ್‌ಪೀಸ್ ಎತ್ತಿಕೊಂಡರು. ಸೆರಗಿನಿಂದ ಒರೆಸಿದರು. ನನ್ನ ಮುಖವನ್ನೇ ನೋಡುತ್ತಾ ಅದನ್ನು ತಮ್ಮ ತುಟಿಗಿಟ್ಟು ಬಲವಾಗಿ ಊದಿದರು. ಬರಿಯ ಗಾಳಿಯ ಸದ್ದು ಬಂತು. "ನೋಡಿ. ನಾನು ಆ ಮನುಷ್ಯನ ತಟ್ಟೆಯಲ್ಲಿ ಉಂಡವಳು. ಹುಣ್ಣು ತೊಳೆದವಳು. ನನಗೆ ಎಂತದೂ ಆಗ್ಲಿಲ್ಲ. ಅವರಿಗೆ ಕೆನ್ನೆಯ ಒಳಗೆ ಆದದ್ದು, ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗದಲ್ಲಿ. ಇಪ್ಪತ್ತು ವರ್ಷ ಬೇಡ ಬೇಡ ಅಂತ ಹೇಳಿದೆ. ಕೇಳ್ಲಿಲ್ಲ. ಹುಣ್ಣಾದ ಮೇಲೆಯೂ ನಾಲ್ಕು ತಿಂಗಳು ಯಾರಿಗೂ ಹೇಳ್ಲಿಲ್ಲ. ಹೆದರಿಕೆ. ನಿಮ್ಮ ಹಾಗೆಯೇ."

ಅವರು ಮೌತ್‌ಪೀಸನ್ನು ನನ್ನ ಚೀಲಕ್ಕೆ ಹಾಕಿ, ಅರ್ಧ ಕಟ್ಟಿದ ಹೂವನ್ನು ಬಾಳೆಲೆಯಲ್ಲಿ ಮುಚ್ಚಿ ಎದ್ದರು. "ಆಸ್ಪತ್ರೆಗೆ ಹೋಗಿದ್ದೀರಾ?"

"ಬಸ್ಸಿನಲ್ಲಿ ಹೋದೆ. ಇಳಿಯಲಿಲ್ಲ."

"ಚಪ್ಪಲಿ ಹಾಕ್ಕೊಳ್ತೇನೆ, ಇರಿ. ನನಗೆ ಆ ಆಸ್ಪತ್ರೆಯ ದಾರಿ ಎಲ್ಲ ಗೊತ್ತುಂಟು."

ಹೂವನ್ನು ನೆರೆಮನೆಗೆ ಕೊಟ್ಟು ಅವರು ನನ್ನೊಡನೆ ಹೊರಟರು. ಮಣಿಪಾಲದಲ್ಲಿ ನನ್ನ ಮುಂದೆ ಅವರೇ ಇಳಿದರು. ಯಾವ ಕಿಟಕಿಯಲ್ಲಿ ಚೀಟಿ, ಯಾವ ಮೆಟ್ಟಿಲು, ಯಾವುದನ್ನೂ ಯಾರಲ್ಲೂ ಕೇಳದೆ ಅವರು ನಡೆದರು. ಒಂದು ತಿರುವಿನಲ್ಲಿ ಮಾತ್ರ ಒಂದು ಕ್ಷಣ ನಿಂತರು. ಬಲಕ್ಕೆ, ಪೊರ್ಬುಗಳಿದ್ದ ವಾರ್ಡಿಗೆ ಹೋಗುವ ಓಣಿಯ ಕಡೆ ನೋಡಿ, ಶಿಲುಬೆಯ ಗುರುತು ಮಾಡಿ, ಎಡಕ್ಕೆ ಹೊರಳಿದರು.

ಡಾಕ್ಟರ್ ಚಿಕ್ಕ ಪ್ರಾಯದವರು. ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು. ಹೊಗೆಸೊಪ್ಪು ಉಂಟಾ, ಬೀಡಿ ಉಂಟಾ ಎಂದು ಕೇಳಿದರು. ಇಲ್ಲವೆಂದೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳುಹಿಸಬೇಕು ಎಂದರು. ಸೂಜಿ ಕೊಟ್ಟು ತುಟಿಯನ್ನು ಮರಗಟ್ಟಿಸಿ ಅಕ್ಕಿಕಾಳಿನಷ್ಟು ತೆಗೆದರು. ನೋವಾಗಲಿಲ್ಲ. ಆದರೆ ಕತ್ತರಿಯ ಸದ್ದು ಕೇಳಿತು. ಜೀವಮಾನವಿಡೀ ಕತ್ತರಿ ಹಿಡಿದವನು ನಾನು. ಆ ಸಣ್ಣ ಸದ್ದಿಗೆ ಕುರ್ಚಿಯ ಕೈ ಹಿಡಿದುಕೊಂಡೆ. "ಒಂದು ವಾರ ಬಿಟ್ಟು ಬನ್ನಿ" ಎಂದರು.

ಆ ವಾರವನ್ನು ಹೇಗೆ ಹೇಳಲಿ? ಅಂಗಡಿಯಲ್ಲಿದ್ದ ಬಟ್ಟೆಗಳನ್ನೆಲ್ಲ ಹೊಲಿದು ಮುಗಿಸಲು ಹೊರಟೆ, ಯಾರ ಬಟ್ಟೆಯೂ ಬಾಕಿ ಉಳಿಯಬಾರದೆಂದು. ಎರಡು ಸಲ ತೋಳನ್ನು ತಿರುಗಾಮುರುಗಾ ಇಟ್ಟು ಹೊಲಿದೆ. ಹೆಂಡತಿಗೆ ರವಿಕೆ ಕತ್ತರಿಸುವುದನ್ನು ಕಲಿಸತೊಡಗಿದೆ. ಅವಳು ಎರಡು ದಿನ ಸುಮ್ಮನೆ ಕಲಿತಳು. ಮೂರನೆಯ ದಿನ ಕತ್ತರಿ ಕೆಳಗಿಟ್ಟು, "ಇದನ್ನು ನನಗೆ ಯಾಕೆ ಕಲಿಸ್ತಿದ್ದೀರಿ ಅಂತ ನನಗೆ ಗೊತ್ತಾಗುವುದಿಲ್ಲ ಅಂತ ಮಾಡಿದ್ದೀರಾ?" ಎಂದು ಅತ್ತಳು. ನಮ್ಮ ಮಗಳಿಗೆ ಆಗ ಆರು ವರ್ಷ. ಅವಳು ಮುತ್ತು ಕೊಡಲು ಬಂದರೆ ನಾನು ಮುಖ ತಿರುಗಿಸುತ್ತಿದ್ದೆ. ಅಪ್ಪನಿಗೆ ಕೋಪ ಎಂದು ಅವಳು ತಾಯಿಗೆ ದೂರು ಹೇಳಿದಳು. ಬಟ್ಟಲು, ಲೋಟ ಬೇರೆ ಮಾಡಿಕೊಂಡೆ. ಊಟ ಸೇರುತ್ತಿರಲಿಲ್ಲ. ದವಡೆಯಿಲ್ಲದ ಆ ಮುಖ, ನಾನು ಅಂದು ನೋಡಲಾರದೆ ಬಿಟ್ಟದ್ದು, ಈಗ ಶೇವಿಂಗ್ ಮಾಡುವಾಗ ನನ್ನದೇ ಕನ್ನಡಿಯಲ್ಲಿ ಕಾಣುತ್ತಿತ್ತು.

ವಾರ ಕಳೆದು ಆಸ್ಪತ್ರೆಗೆ ಹೋದಾಗ ಹೆಂಡತಿಯೂ ಬಂದಳು, ಬಾಯಮ್ಮನೂ ಅಲ್ಲಿಗೇ ಬಂದಿದ್ದರು. ಡಾಕ್ಟರ್ ಕಾಗದ ಓದಿ, "ಕ್ಯಾನ್ಸರ್ ಅಲ್ಲ" ಎಂದರು.

ನನಗೆ ಕೇಳಿಸಿತು. ಆದರೆ ನಂಬಿಕೆ ಬರಲಿಲ್ಲ. "ಮತ್ತೆ ಎಂತ?"

"ಯಾವುದೋ ವಸ್ತು ನಿಮ್ಮ ಚರ್ಮಕ್ಕೆ ಆಗುವುದಿಲ್ಲ. ಅದು ತುಟಿಗೆ ತಾಗುತ್ತಲೇ ಉಂಟು. ಎಂತ ಕೆಲಸ ನಿಮ್ಮದು?"

ಟೈಲರ್ ಎಂದೆ. ಬ್ಯಾಂಡಿನಲ್ಲಿ ಬೇಸ್ ಊದುತ್ತೇನೆ ಎಂದೆ. ಅವರು ನನ್ನ ಬೆನ್ನಿಗೆ ಪುಟ್ಟ ಪುಟ್ಟ ಚುಕ್ಕಿಗಳ ಹಾಗೆ ಹತ್ತಾರು ಔಷಧಿಗಳನ್ನು ಪಟ್ಟಿಯಲ್ಲಿ ಅಂಟಿಸಿ ಕಳುಹಿಸಿದರು. ಎರಡು ದಿನ ಸ್ನಾನ ಮಾಡುವಂತಿಲ್ಲ. ಮರುದಿನವೇ ಅದರಲ್ಲೊಂದು ಜಾಗ ಕೆಂಡದ ಹಾಗೆ ತುರಿಸತೊಡಗಿತು. ಮೂರನೆಯ ದಿನ ಹೆಂಡತಿ, ಬಾಯಮ್ಮನೊಡನೆ ಮತ್ತೆ ಹೋದಾಗ ಪಟ್ಟಿ ಬಿಚ್ಚಿ ನೋಡಿದ ಡಾಕ್ಟರ್ ಅದು ನಿಕ್ಕಲ್ ಲೋಹದ್ದು ಎಂದರು. ಮೌತ್‌ಪೀಸನ್ನು ಕೇಳಿ ತೆಗೆದುಕೊಂಡು ಕಿಟಕಿಯ ಬೆಳಕಿನಲ್ಲಿ ತಿರುಗಿಸಿದರು.

"ಹಳೆಯದಲ್ವಾ? ಇದು ಜರ್ಮನ್ ಸಿಲ್ವರ್ ಇರ್ಬೇಕು. ಹೆಸರಿಗೆ ಸಿಲ್ವರ್, ಒಳಗೆ ನಿಕ್ಕಲ್ ಉಂಟು. ಮೇಲಿನ ಬೆಳ್ಳಿ ಇರುವಷ್ಟು ದಿನ ತೊಂದರೆ ಇಲ್ಲ. ಇದನ್ನು ಯಾರು ಹೀಗೆ ತಿಕ್ಕಿದ್ದು?"

ಹೆಂಡತಿ ನನ್ನನ್ನು ನೋಡಿದಳು.

"ಇನ್ನೊಂದು ಕೇಳ್ತೇನೆ. ನೀವು ಟೈಲರ್‌ಗಳು ಗುಂಡುಸೂಜಿ ಎಲ್ಲಿಡುವುದು, ಕೆಲಸ ಮಾಡುವಾಗ?"

ಹದಿನೈದನೆಯ ವಯಸ್ಸಿನಿಂದ ನಾನು ಸೂಜಿಗಳನ್ನು ತುಟಿಗಳ ನಡುವೆ ಕಚ್ಚಿ ಹಿಡಿದೇ ಬಟ್ಟೆ ಜೋಡಿಸಿದವನು. ಗುಂಡುಸೂಜಿಯ ಮೇಲೂ ನಿಕ್ಕಲ್ಲಿನ ಲೇಪ. ವರ್ಷಗಟ್ಟಲೆ ಸೂಜಿಗಳು ಹದ ಮಾಡಿಟ್ಟಿದ್ದ ತುಟಿಗೆ ನಾನೇ ಬೆಳ್ಳಿ ತಿಕ್ಕಿ ತೆಗೆದ ಮೌತ್‌ಪೀಸ್ ಇಟ್ಟಿದ್ದೆ. ಹೆದರಿ ತೊಳೆದದ್ದೇ ಹುಣ್ಣಾಗಿತ್ತು.

ಹೊರಗೆ ಬೆಂಚಿನಲ್ಲಿ ಹೆಂಡತಿ ಬಾಯಮ್ಮನ ಕೈ ಹಿಡಿದು ಕುಳಿತಿದ್ದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅಷ್ಟರಲ್ಲಿ ಬಾಯಮ್ಮ ತಗ್ಗಿದ ದನಿಯಲ್ಲಿ ಕೇಳಿದರು:

"ಟೈಲರೇ, ಹಾಗಾದ್ರೆ ಅವರಿಗೂ ಇದೇ ಆಗಿರ್ಬಹುದಾ? ಮೊದಲೇ ಬಂದಿದ್ರೆ, ಇಷ್ಟೇ ಅಂತ ಹೇಳ್ತಿದ್ರಾ?"

ಅವರ ಮುಖದಲ್ಲಿ ಅಂದು ಕಂಡ ಭಯ ನನ್ನ ಭಯಕ್ಕಿಂತ ದೊಡ್ಡದು. ನನ್ನದಕ್ಕೆ ಕಾಗದದಲ್ಲಿ ಉತ್ತರವಿತ್ತು. ಅವರದ್ದಕ್ಕೆ ಇನ್ನು ಯಾವ ಚೂರನ್ನು ತೆಗೆದು ಎಲ್ಲಿಗೆ ಕಳುಹಿಸುವುದು? ನಾನು ಮತ್ತೆ ಒಳಗೆ ಹೋಗಿ, ಸರದಿಯಲ್ಲಿದ್ದವರ ಕ್ಷಮೆ ಕೇಳಿ, ಡಾಕ್ಟರರನ್ನೇ ಕೇಳಿದೆ. ಅವರು ಎದ್ದು ಬಾಗಿಲಿಗೆ ಬಂದರು. ಬಾಯಮ್ಮನ ಎದುರು ನಿಂತು, ಎಲ್ಲಿ ಆದದ್ದು, ಎಷ್ಟು ವರ್ಷ ಹೊಗೆಸೊಪ್ಪು ಎಂದು ವಿಚಾರಿಸಿದರು. ಆಮೇಲೆ ಹೇಳಿದರು, "ಇಲ್ಲ ಅಮ್ಮ. ಅದು ಬೇರೆ, ಇದು ಬೇರೆ. ಅದಕ್ಕೂ ವಾದ್ಯಕ್ಕೂ ಸಂಬಂಧ ಇಲ್ಲ."

ಬಾಯಮ್ಮ ತಲೆಯಾಡಿಸಿದರು. ಬಸ್ಸಿನಲ್ಲಿ ಕುಳಿತ ಮೇಲೆ, "ಕೇಳಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ಇದೂ ಒಂದು ತಲೆಯಲ್ಲಿ ಕೊರೀತಾ ಇರ್ತಿತ್ತು" ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು.

ಮೌತ್‌ಪೀಸಿಗೆ ಲೇಪ ಹಾಕಿಸದೆ ಮತ್ತೆ ಊದುವ ಹಾಗಿರಲಿಲ್ಲ. ಉಡುಪಿಯಲ್ಲಿ ದೇವಸ್ಥಾನದ ಪಾತ್ರೆಗಳಿಗೆ ಬೆಳ್ಳಿ ಹಾಕುವವರ ಬಳಿ ಹೋದೆ. ಅವರು ಬೆರಳ ತುದಿಯಲ್ಲಿ ಎತ್ತಿ, "ಇದು ಎಂತ, ಊದುಬತ್ತಿ ಸಿಕ್ಕಿಸುವಂಥದ್ದಾ?" ಎಂದರು. ಬಾಯಿಗಿಡುವುದೆಂದು ತಿಳಿದೊಡನೆ ಕೆಳಗಿಟ್ಟರು. ದೇವರ ಪಾತ್ರೆ ಮುಳುಗಿಸುವ ನೀರಿಗೆ ಎಂಜಲಿನ ಸಾಮಾನು ಆಗದು. ಅವರದ್ದೂ ತಪ್ಪಲ್ಲ. ಕೊನೆಗೆ ರಥಬೀದಿಯ ಹಿಂದಿನ ಗಲ್ಲಿಯಲ್ಲಿ ಬಳೆಗಳಿಗೆ ಚಿನ್ನದ ನೀರು ಹಾಕುವ ಒಬ್ಬರು ಒಪ್ಪಿದರು. ಮೊದಲು ಬೆಳ್ಳಿ, ಅದರ ಮೇಲೆ ಅಂಚಿಗೆ ಮಾತ್ರ ದಪ್ಪಗೆ ಚಿನ್ನ. ಗುಂಡುಸೂಜಿಗಳಿಗೆ ಹೆಂಡತಿ ಅರಿವೆ ತುಂಬಿ ಮಣಿಕಟ್ಟಿಗೆ ಕಟ್ಟುವ ಒಂದು ದಿಂಬು ಹೊಲಿದುಕೊಟ್ಟಳು. ಆ ವಾರ ಕಲಿತ ಕೈಯಲ್ಲಿ.

ತುಟಿ ಮಾಗಲು ಒಂದೂವರೆ ತಿಂಗಳು ಬೇಕಾಯಿತು. ಮತ್ತೆ ಊದಿದ್ದು ಕಾರ್ಕಳದ ಒಂದು ಚರ್ಚಿನ ಹಬ್ಬದಲ್ಲಿ. ಮಾಸ್ಟ್ರು ಕೈ ಎತ್ತಿದಾಗ ನನ್ನ ತುಟಿ ಅಂಚಿನ ಬಳಿ ಹೋಗಿ ನಿಂತುಬಿಟ್ಟಿತು. ಡಾಕ್ಟರರ ಮಾತು ತಲೆಗೆ ಗೊತ್ತಿತ್ತು, ತುಟಿಗೆ ಗೊತ್ತಿರಲಿಲ್ಲ. ಮೊದಲ ಎರಡು ಸಾಲು ಬೇಸ್ ಇಲ್ಲದೆಯೇ ಹೋಯಿತು. ಮಾಸ್ಟ್ರು ತಿರುಗಿ ನೋಡಲಿಲ್ಲ, ಡ್ರಮ್ಮಿನವನು ಸ್ವಲ್ಪ ಜೋರಾಗಿ ಬಾರಿಸಿದ. ಮೂರನೆಯ ಸಾಲಿಗೆ ಕಣ್ಣು ಮುಚ್ಚಿ ತುಟಿ ಇಟ್ಟೆ.

ಆಮೇಲೆ ಏಳು ವರ್ಷ ಊದಿದೆ. ಚಿನ್ನದ ನೀರು ಸವೆದಾಗ ಎರಡು ಸಲ ಹಾಕಿಸಿದೆ. ಈ ಭಯ ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಪ್ರತಿ ಕಾರ್ಯಕ್ರಮದ ಮರುದಿನ ಬೆಳಿಗ್ಗೆ ಹೆಂಡತಿ ಚಹಾ ಕೊಡುವ ಮೊದಲು, "ಇಲ್ಲಿ ಬನ್ನಿ" ಎಂದು ಬಾಗಿಲ ಬಳಿ ಕರೆದು ನನ್ನ ತುಟಿ ನೋಡುತ್ತಿದ್ದಳು. ನಾನು ಉಸಿರು ಹಿಡಿದು ನಿಲ್ಲುತ್ತಿದ್ದೆ. ಅವಳು ಲೋಟ ಕೈಗೆ ಕೊಟ್ಟ ಮೇಲೆಯೇ ಉಸಿರು ಬಿಡುತ್ತಿದ್ದೆ.